ಷರಟಿಲ್ಲದ ದುಡ್ಡು

ತಗಡಣ್ಣನಿಗೆ ಕಿವಿ ಮಂದ ಎಂಬ ಸಂಗತಿ ಊರಿಗೆಲ್ಲ ಗೊತ್ತಿತ್ತು, ತಗಡಣ್ಣನೊಬ್ಬನನ್ನು ಬಿಟ್ಟು. ಎಳವೆಯಿಂದಲೂ ತಗಡು ಬಡಿದು ಬಕೆಟ್ಟು, ಲಾಳಿಕೆ, ಡಬ್ಬಿ ಮಾಡಿಕೊಂಡು ಬಂದ ಮನುಷ್ಯ. ಸುತ್ತಿಗೆಯ ಸದ್ದು ಅವನ ಕಿವಿಯೊಳಗೆ ಬಾಡಿಗೆಯಿಲ್ಲದೆ ಬಿಡಾರ ಹೂಡಿ ಎಷ್ಟೋ ವರ್ಷವಾಗಿತ್ತು. ಆದರೆ ಕಿವಿ ಕೇಳಿಸದು ಎಂದು ಒಪ್ಪಿಕೊಂಡರೆ ಮರ್ಯಾದೆಗೆ ಕಡಿಮೆ ಎಂದು ಅವನ ತಿಳಿವಳಿಕೆ. ಹಾಗಾಗಿ ಯಾರು ಏನು ಹೇಳಿದರೂ ಅವನು ‘ಆಂ?’ ಎನ್ನುತ್ತಿರಲಿಲ್ಲ. ಗಂಭೀರವಾಗಿ ತಲೆಯಾಡಿಸಿ, ಕೇಳಿಸಿದ ಅರ್ಧಕ್ಕೆ ತನ್ನ ಕಡೆಯಿಂದ ಇನ್ನರ್ಧ ಸೇರಿಸಿ, ಆಗಿಬಂದ ಮಾತನ್ನು ಮನಸಾರೆ ನಂಬುತ್ತಿದ್ದ. ಒಮ್ಮೆ ಹೆಂಡತಿ, “ನೆಂಟರು ಬರ್ತಿದಾರೆ, ಒಂದು ಕಾಯಿ ತನ್ನಿ” ಎಂದಾಗ ಆತ ಊರೆಲ್ಲ ಅಲೆದು, ಬೆವರು ಸುರಿಸಿಕೊಂಡು ಒಂದು ನಾಯಿ ತಂದಿದ್ದ. ಆ ನಾಯಿ ಈಗಲೂ ಮನೆಯಲ್ಲಿದೆ. ನೆಂಟರು ಮಾತ್ರ ಮತ್ತೆ ಬಂದಿಲ್ಲ.

ಪ್ಲಾಸ್ಟಿಕ್ ಬಕೆಟ್ಟುಗಳು ಬಂದ ಮೇಲೆ ತಗಡಿನ ಕಸುಬು ಸೊರಗಿತ್ತು. ಕೆಲಸ ಸಿಕ್ಕ ದಿನ ಒಲೆ ಹೊತ್ತುತ್ತಿತ್ತು, ಸಿಗದ ದಿನ ಹೆಂಡತಿ ಪಾತ್ರೆಗಳನ್ನು ಸುಮ್ಮನೆ ಸದ್ದು ಮಾಡಿ ಜೋಡಿಸಿಡುತ್ತಿದ್ದಳು, ಅಡುಗೆಯಾಗುತ್ತಿದೆ ಎಂದು ಪಕ್ಕದ ಮನೆಯವರು ತಿಳಿಯಲಿ ಎಂದು. ಮನೆಗೆ ಬಾಗಿಲಿರಲಿಲ್ಲ, ಗೋಣಿತಟ್ಟಿನ ಪರದೆ ಇತ್ತು. ಆ ಪರದೆಯ ಒಳಗೆ ಗಂಡ, ಹೆಂಡತಿ ಮತ್ತು ಹೆಂಡತಿಯ ತಾಯಿ. ಅತ್ತೆಗೆ ಬಾಯಲ್ಲಿ ಹೆಸರಿಗೂ ಒಂದು ಹಲ್ಲಿರಲಿಲ್ಲ. ಆಕೆ ಆಡಿದ್ದರಲ್ಲಿ ಅರ್ಧ ಗಾಳಿಯಾಗಿ ಹೋಗುತ್ತಿತ್ತು, ಉಳಿದುದರಲ್ಲಿ ಅರ್ಧ ಅಳಿಯನ ಕಿವಿಗೆ ಬೀಳುತ್ತಿರಲಿಲ್ಲ. ಹೀಗಾಗಿ ಅತ್ತೆ ಅಳಿಯನ ನಡುವೆ ಒಂದು ದಿನವೂ ಜಗಳವಾಗಿರಲಿಲ್ಲ.

ಇಂಥ ಸಂಸಾರಕ್ಕೆ ಒಂದು ದಿನ ಕರೆ ಬಂತು, ಶಾಲೆಯ ಅಂಗಳದಲ್ಲಿ ಸಭೆ ಇದೆ, ಮನೆಯವರು ಬರಬೇಕು ಎಂದು. ಹೆಂಡತಿ ಕೂಲಿಗೆ ಹೋಗಿದ್ದಳು. ಅತ್ತೆಯನ್ನು ಕರೆದುಕೊಂಡು ತಗಡಣ್ಣನೇ ಹೋದ. ಅತ್ತೆ ಮುಂದೆ ಹೋಗಿ ಕುಳಿತರು. ತಗಡಣ್ಣ, ಗಂಡಸರು ಹಿಂದೆ ಕೂರುವುದೇ ಗೌರವ ಎಂದುಕೊಂಡು, ಕಟ್ಟಕಡೆಯಲ್ಲಿ ತನ್ನ ಷಡ್ಡಕನ ಪಕ್ಕ ಕುಳಿತ. ಷಡ್ಡಕನೆಂದರೆ ಹೆಂಡತಿಯ ಅಕ್ಕನ ಗಂಡ, ಹಿಟ್ಟಿನ ಗಿರಣಿಯ ಮಾಲೀಕ, ಅನುಕೂಲಸ್ಥ. ಗಿರಣಿಯ ಗದ್ದಲದಲ್ಲಿ ಅವನ ಕಿವಿಯೂ ಎಂದೋ ಹೋಗಿತ್ತು, ಅವನೂ ಅದನ್ನು ಒಪ್ಪಿರಲಿಲ್ಲ. ಅತ್ತೆ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಹುಡುಕಿ ಹುಡುಕಿ ಇಂಥ ಕಡೆಗೇ ಕೊಟ್ಟಿದ್ದರು.

ಊರಿನ ಸರ್ಕಾರಿ ಆಫೀಸಿನ ಗುಮಾಸ್ತರು ಎದ್ದುನಿಂತು ಗಂಟಲು ಸರಿಮಾಡಿಕೊಂಡರು.

“ನೋಡಿ, ಕೈ ಬಿಗಿಯಾಗಿರೋ ಮನೆಗಳಿಗೆ ಇನ್ನು ಮುಂದೆ ತಿಂಗಳು ತಿಂಗಳು ದುಡ್ಡು ಬರುತ್ತೆ. ಮನೆಯಾಕೆಯ ಹೆಸರಿಗೆ ಬರುತ್ತೆ. ಯಾವುದಕ್ಕೆ ಬೇಕಾದ್ರೂ ಖರ್ಚು ಮಾಡ್ಕೊಳ್ಳಿ, ಯಾರೂ ಕೇಳಲ್ಲ. ಇದು ಷರತ್ತಿಲ್ಲದ ದುಡ್ಡು. ಷರತ್ತಿಲ್ಲದೆ ಕೊಡೋದು. ತಿಳೀತಾ?”

ಹಿಂದಿನ ಸಾಲಿಗೆ ಈ ಮಾತು ತಲುಪುವಷ್ಟರಲ್ಲಿ ಸ್ವಲ್ಪ ಸವೆದಿತ್ತು. ತಗಡಣ್ಣನ ಕಿವಿಯೊಳಗೆ ಹೊಕ್ಕದ್ದು ಇಷ್ಟು: “ಇದು ಷರಟಿಲ್ಲದ ದುಡ್ಡು. ಷರಟಿಲ್ಲದೋರಿಗೆ ಕೊಡೋದು.”

ತಗಡಣ್ಣ ತನ್ನನ್ನು ತಾನೇ ನೋಡಿಕೊಂಡ. ಸಭೆ ಎಂದು ಇದ್ದುದರಲ್ಲೇ ಒಳ್ಳೆಯ ಷರಟು ಹಾಕಿಕೊಂಡು ಬಂದಿದ್ದ.  ಯಾರೂ ನೋಡದ ಹಾಗೆ ಗುಂಡಿ ಬಿಚ್ಚಿ, ಷರಟು ತೆಗೆದು, ಮಡಿಸಿ, ಅದರ ಮೇಲೆ ಕುಳಿತುಬಿಟ್ಟ.

“ಯಾಕೋ ತಮ್ಮಾ, ಸೆಕೆನಾ?” ಎಂದ ಷಡ್ಡಕ.

“ಕೇಳಿಸ್ಲಿಲ್ವಾ ಅಣ್ಣಾ? ಷರಟಿಲ್ಲದೋರಿಗಂತೆ.”

ಕೇಳಿಸಲಿಲ್ಲ ಎಂದು ಷಡ್ಡಕ ಹೇಳುವುದುಂಟೆ? “ಕೇಳಿಸ್ತು, ಕೇಳಿಸ್ತು. ಆಗ್ಲೇ ಕೇಳಿಸ್ತು,” ಎಂದ.

ಹೀಗೆ ಆ ಮಾತಿಗೆ ಸಾಕ್ಷಿಯೂ ಸಿಕ್ಕಿತು.

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಅಳಿಯನ ಬರಿಮೈ ನೋಡಿ ಗಾಬರಿಯಾಗಿ ಕಾರಣ ಕೇಳಿದರು. ಅಳಿಯ ಹೇಳಿದ. ಅತ್ತೆ ತಲೆ ಚಚ್ಚಿಕೊಂಡು, “ಅಯ್ಯೋ, ಅದು ಷರಟಲ್ಲ ಅಳಿಯಂದ್ರೇ, ಷರತ್ತು! ಷರತ್ತು!” ಎಂದು ಕೂಗಿದರು. ಆದರೆ ಹಲ್ಲಿಲ್ಲದ ಬಾಯಿಂದ ಅದು “ಹರಹು! ಹರಹು!” ಎಂದು ಹೊರಟು, ತಗಡಣ್ಣನಿಗೆ “ಹರಕು! ಹರಕು!” ಎಂದು ತಲುಪಿತು.

“ನೀವೂ ಕೇಳಿಸ್ಕೊಂಡ್ರಿ ತಾನೆ? ಹರಕು ಬಟ್ಟೆಯೋರಿಗೂ ಕೊಡ್ತಾರಂತಾ? ಹರಕು ನಂಬೋ ಹಾಗಿಲ್ಲ ಅತ್ತೆ, ಬರಿಮೈಯೇ ಗಟ್ಟಿ,” ಎಂದು ಅವನು ನಡೆದ.

ಮುಂದಿನ ತಿಂಗಳು ನಿಜಕ್ಕೂ ದುಡ್ಡು ಬಂತು. ಬಂತಲ್ಲ, ಇನ್ನು ಅನುಮಾನಕ್ಕೆ ಎಡೆಯೆಲ್ಲಿ? ತಾನು ಷರಟು ತೆಗೆದ, ದುಡ್ಡು ಬಂತು. ಗಿರಣಿಯ ಷಡ್ಡಕ ಷರಟು ಹಾಕಿದ್ದ, ಅವನಿಗೆ ಬರಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಲೋಕದಲ್ಲಿ ಇನ್ನೊಂದಿಲ್ಲ ಎಂದು ತಗಡಣ್ಣನಿಗೆ ಅನ್ನಿಸಿದ್ದರಲ್ಲಿ ಅವನ ತಪ್ಪೇನೂ ಇಲ್ಲ.

ಹೆಂಡತಿ ಆ ದುಡ್ಡಿನಲ್ಲಿ ಮನೆಗೆ ದಿನಸಿ ತಂದಳು. ಉಳಿದುದರಲ್ಲಿ, ಗಂಡ ಯಾಕೋ ಬರಿಮೈಯಲ್ಲಿ ತಿರುಗುತ್ತಿದ್ದಾನೆ, ಇರುವ ಷರಟು ಹರಿದಿರಬೇಕು ಪಾಪ ಎಂದು, ಒಂದು ಹೊಸ ಷರಟು ತಂದಳು.

ತಗಡಣ್ಣ ಹಾವು ಕಂಡವನಂತೆ ಹಿಂದೆ ಹಾರಿದ. “ಎಂಥಾ ಕೆಲಸ ಮಾಡಿಬಿಟ್ಟೆ! ಆ ದುಡ್ಡಲ್ಲಿ ಯಾವುದನ್ನ ತರಬಾರದೋ ಅದನ್ನೇ ತಂದೆಯಲ್ಲೇ!”

“ಷರಟು ತಂದ್ರೆ ತಪ್ಪಾ?”

“ಷರಟಿಲ್ಲದೋರಿಗೆ ಕೊಟ್ಟ ದುಡ್ಡದು! ಹಾಕ್ಕೊಂಡಿದ್ದು ಗೊತ್ತಾದ್ರೆ ಮುಂದಿನ ತಿಂಗಳಿಂದ ಬಂದ್!”

“ಯಾರು ಹೇಳಿದ್ದು?”

“ಸರ್ಕಾರ.”

“ಯಾವ ಸರ್ಕಾರಕ್ಕೆ ನಿಮ್ಮ ಎದೆ ನೋಡಬೇಕಾಗಿದೆ?” ಎಂದಳು ಹೆಂಡತಿ. ಆದರೂ ಅವಳಿಗೆ ಒಳಗೊಳಗೆ ಸಣ್ಣ ಅಳುಕು. ಹಿಂದೊಮ್ಮೆ ತಾನು ಬದುಕಿದ್ದೇನೆ ಎಂದು ತೋರಿಸಲು ಅದೇ ಆಫೀಸಿಗೆ ಅಲೆದಲೆದು ಚಪ್ಪಲಿ ಸವೆಸಿದವಳು ಅವಳು. ಬದುಕಿರುವುದಕ್ಕೇ ಸಾಕ್ಷಿ ಕೇಳುವವರು ಬರಿಮೈ ಕೇಳಲಾರರು ಎಂದು ಹೇಗೆ ಹೇಳುವುದು? ಷರಟನ್ನು ಸುಮ್ಮನೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ತಿಂಗಳುಗಳು ಉರುಳಿದವು. ದುಡ್ಡು ತಪ್ಪದೆ ಬರುತ್ತಿತ್ತು, ಹೆಂಡತಿ ತಪ್ಪದೆ ಮನೆಯನ್ನು ಒಂದಿಷ್ಟು ಮೇಲಕ್ಕೆ ಎತ್ತುತ್ತಿದ್ದಳು. ಗೋಣಿತಟ್ಟು ಹೋಗಿ ಬಾಗಿಲು ಬಂತು. ತಗಡಣ್ಣ ಅಭ್ಯಾಸಬಲದಿಂದ ಅದು ಪರದೆಯೇ ಎಂದುಕೊಂಡು ನುಗ್ಗಿ, ಹಣೆಯ ಮೇಲೆ ಎರಡು ಸಲ ಬುಗುಟು ಎಬ್ಬಿಸಿಕೊಂಡ. ಆಮೇಲೆ ಅವಳು ಪೇಟೆಯಿಂದ ತಗಡಿನ ಹಾಳೆಗಳನ್ನು ತಂದು ಗಂಡನ ಮುಂದೆ ಹಾಕಿದಳು. ಅದುವರೆಗೆ ಪೇಟೆಯ ಸಾಹುಕಾರ ತಗಡು ಕೊಟ್ಟು, ಮಾಡಿದ ಸಾಮಾನನ್ನು ತಾನು ಹೇಳಿದ ಬೆಲೆಗೆ ಎತ್ತಿಕೊಂಡು ಹೋಗುತ್ತಿದ್ದ. ಈಗ ತಗಡೂ ಇವರದೇ, ಬೆಲೆಯೂ ಇವರದೇ. ಇಲಿ ಹೋಗದಂತೆ ಬಿಗಿ ಮುಚ್ಚಳದ ಕಾಳಿನ ಡಬ್ಬಿ ಮಾಡಿಕೊಡಿ ಎಂದಳು. ಅವನು ಮಾಡಿದ. ವಾರದ ಸಂತೆಯಲ್ಲಿ ಅವಳು ಮಾರಿದಳು. ಕೊನೆಗೆ, ಒಂದಿಷ್ಟು ಕೂಡಿಟ್ಟು, ತಾಯಿಗೆ ಹಲ್ಲಿನ ಸೆಟ್ಟು ಕಟ್ಟಿಸಿದಳು.

ಹಲ್ಲು ಬಂದ ದಿನ ಅತ್ತೆ ಮನೆಯವರ ಮುಂದೆ ಕುಳಿತು ಹುರಿದ ಶೇಂಗಾ ಕಟಕಟನೆ ಅಗಿದು ತೋರಿಸಿದರು. ಆಮೇಲೆ ಇಷ್ಟು ವರ್ಷ ಹೇಳಲಾಗದೆ ಉಳಿದ ಮಾತುಗಳನ್ನು ಮೊದಲಿನಿಂದ ಶುರುಮಾಡಿದರು. ನಾಯಿ ತಂದ ಪ್ರಸಂಗಕ್ಕೆ ಬಂದಾಗ ತಗಡಣ್ಣ ಎದ್ದು ಹೋಗಿ ಜೋರಾಗಿ ತಗಡು ಬಡಿಯತೊಡಗಿದ. ಷರತ್ತಿನ ಪ್ರಸಂಗದವರೆಗೆ ಅವರು ತಲುಪಲೇ ಇಲ್ಲ. ತಲುಪಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮನೆ ಮೇಲೇಳುತ್ತಿದ್ದಂತೆ ತಗಡಣ್ಣನ ಎದೆ ಕುಸಿಯುತ್ತ ಬಂತು. ಬರಿ ಷರಟು ತೆಗೆದರೆ ಸಾಲದು ಎಂದು ಅವನಿಗೆ ಹೊಳೆಯಿತು. ಬಾಗಿಲಿರುವ ಮನೆಯಲ್ಲಿ, ಹಲ್ಲಿರುವ ಅತ್ತೆಯ ಪಕ್ಕ ನಿಂತು ನನಗೆ ಷರಟಿಲ್ಲ ಎಂದರೆ ಯಾರು ನಂಬುತ್ತಾರೆ? ಅಂದಿನಿಂದ ದೂರದಲ್ಲಿ ಯಾವುದೇ ಗಾಡಿಯ ಸದ್ದಾದರೂ (ಅವನ ಕಿವಿಗೆ ಬೀಳಬೇಕಾದರೆ ಅದು ಲಾರಿಯೇ ಆಗಿರಬೇಕು) ಬಾಗಿಲನ್ನು ಕೊಂಡಿಯಿಂದೆತ್ತಿ ಹಿತ್ತಿಲಿಗೆ ಒಯ್ಯುತ್ತಿದ್ದ, ಡಬ್ಬಿಗಳ ಮೇಲೆ ಹುಲ್ಲು ಹೊದಿಸುತ್ತಿದ್ದ, “ಅತ್ತೆ, ಹಲ್ಲು! ಹಲ್ಲು!” ಎಂದು ಕೈಚಾಚುತ್ತಿದ್ದ. ಸೌದೆ ಲಾರಿ ಹೋದ ಮೇಲೆ ಎಲ್ಲವೂ ವಾಪಸು.

ಇತ್ತ ಗಿರಣಿಯ ಷಡ್ಡಕ ತಡೆಯಲಾರದೆ ಒಂದು ಬೆಳಿಗ್ಗೆ ಷರಟು ಕಳಚಿ ಗಿರಣಿಗೆ ಬಂದ. ಚಳಿಗಾಲ. ಅವನು ಸೀನಿದಾಗಲೆಲ್ಲ ಗಿರಣಿಯ ತುಂಬ ಹಿಟ್ಟು ಎದ್ದು, ಕಾಯುತ್ತಿದ್ದವರೆಲ್ಲ ಬೆಳ್ಳಗಾಗುತ್ತಿದ್ದರು. ಆದರೆ ಷಡ್ಡಕ ಲಾಭವಿಲ್ಲದೆ ಬೆರಳನ್ನೂ ಮಡಿಸುವವನಲ್ಲ ಎಂಬುದು ಊರಿಗೇ ಗೊತ್ತಿದ್ದ ವಿಷಯ. ಅವನೇ ಷರಟು ತೆಗೆದಿದ್ದಾನೆ ಎಂದರೆ ಏನೋ ಇದೆ. ಮರುದಿನ ಚಹಾದಂಗಡಿಯವನು ಷರಟು ತೆಗೆದ. ಅವನನ್ನು ನೋಡಿ ಹಾಲಿನವನು. ವಾರ ಕಳೆಯುವುದರೊಳಗೆ ಊರ ಗಂಡಸರೆಲ್ಲ ಬರಿಮೈಯಲ್ಲಿ, ಕೈಕಟ್ಟಿಕೊಂಡು, ನಡುಗುತ್ತ, ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದರು. ಯಾಕೆ ಎಂದು ಕೇಳಿದರೆ ಯಾರೂ ಬಾಯಿ ಬಿಡರು. ಹೆಚ್ಚು ಜನಕ್ಕೆ ತಿಳಿದರೆ ತಮ್ಮ ಪಾಲು ಕಡಿಮೆಯಾದೀತು ಎಂಬ ಭಯ.

ದರ್ಜಿ ಕಂಗಾಲಾದ. ಕತ್ತರಿಗೆ ತುಕ್ಕು ಹಿಡಿಯುವ ಕಾಲ ಬಂತೆಂದು ಆಫೀಸಿಗೆ ಓಡಿಹೋಗಿ ಗುಮಾಸ್ತರ ಮುಂದೆ ಕೈಮುಗಿದ.

“ಸ್ವಾಮಿ, ಊರಲ್ಲಿ ಒಬ್ಬನೂ ಷರಟು ಹೊಲಿಸ್ತಿಲ್ಲ. ಹೊಲಿಸಿದ್ದೋರೂ ಬಂದು ತಗೊಂಡು ಹೋಗ್ತಿಲ್ಲ. ಎಲ್ಲರೂ ಬಿಚ್ಚಾಕಿದಾರೆ.”

ಗುಮಾಸ್ತರು ಕಿಟಕಿಯಿಂದ ಇಣುಕಿದರು. ಬೀದಿಯುದ್ದಕ್ಕೂ ಬರಿಮೈಗಳು.  ಪ್ರತಿಭಟನೆ! ತಮ್ಮ ವಿರುದ್ಧವೇ ಇರಬೇಕು! ತಕ್ಷಣ ಮೇಲಧಿಕಾರಿಗೆ ಫೋನು ಹಚ್ಚಿದರು.

“ಮೇಡಂ, ಇಲ್ಲಿ ಗಂಡಸರೆಲ್ಲ ಷರಟು ತೆಗೆದುಬಿಟ್ಟಿದಾರೆ.”

“ಯಾಕಂತೆ? ಏನು ಬೇಡಿಕೆ?”

“ಬೇಡಿಕೆಯೇ ಇಲ್ಲ ಮೇಡಂ. ಅದೇ ಭಯ ಆಗ್ತಿರೋದು.”

ಮರುದಿನವೇ ಮೇಡಂ ಬಂದರು. ಜೀಪು ಊರೊಳಗೆ ಹೊಕ್ಕಿದ್ದೇ ತಡ, ತಪಾಸಣೆಗೆ ಬಂದರು ಎಂದು ಗಂಡಸರೆಲ್ಲ ಬೀದಿಯ ಎರಡೂ ಬದಿಗೆ ಸಾಲಾಗಿ ನಿಂತು ಎದೆಯುಬ್ಬಿಸಿದರು. ಮೇಡಂ ಇಳಿದು, ಯಾವ ಕಡೆ ನೋಡಬೇಕೋ ತಿಳಿಯದೆ, ಆಕಾಶ ನೋಡಿಕೊಂಡು ಕೇಳಿದರು: “ನಿಮ್ಮ ಕಷ್ಟ ಏನು, ಹೇಳಿ.”

“ಕಷ್ಟ ಏನಿಲ್ಲ ತಾಯಿ,” ಎಂದ ಷಡ್ಡಕ ಸೀನಿ. “ಸುಮ್ನೆ ಒಂದ್ಸಲ ನೋಡ್ಕೊಂಡು ಹೋಗಿ.”

ಮೇಡಂ ಗುಮಾಸ್ತರತ್ತ ನೋಡಿದರು. ಗುಮಾಸ್ತರು ನೆಲ ನೋಡಿದರು. “ದುಡ್ಡು ಪಡೀತಿರೋ ಒಂದು ಮನೆ ತೋರಿಸಿ,” ಎಂದರು ಮೇಡಂ. ಹತ್ತಿರದ ಮನೆ ತಗಡಣ್ಣನದೇ ಆಗಿತ್ತು.

ಜೀಪಿನ ಸುದ್ದಿ ಬೀದಿಯಲ್ಲಿ ಬಾಯಿಂದ ಬಾಯಿಗೆ ಬಂದು ತಗಡಣ್ಣನಿಗೆ ಆಗಲೇ ಮುಟ್ಟಿತ್ತು. ಹೆಂಡತಿ ಡಬ್ಬಿಗಳನ್ನು ಹೊತ್ತು ಸಂತೆಗೆ ಹೋಗಿದ್ದಳು. ತಡೆಯುವವರಿಲ್ಲ. ಬಾಗಿಲು ಹಿತ್ತಿಲಿಗೆ ಹೋಯಿತು, ಹಳೆಯ ಗೋಣಿತಟ್ಟು ನೇತಾಡಿತು, ದಿನಸಿಯ ಮೇಲೆ ಚಾಪೆ ಬಿತ್ತು, ಅತ್ತೆಯ ಹಲ್ಲು ಕಾಳಿನ ಡಬ್ಬಿಯೊಳಗೆ ಸೇರಿತು. ಮೇಡಂ ಪರದೆ ಸರಿಸಿ ಒಳಗೆ ಬಂದಾಗ ಕಂಡದ್ದು ಬರಿ ನೆಲ, ಬರಿ ಗೋಡೆ, ಬರಿಮೈಯ ಗಂಡಸು, ಬರಿ ಬಾಯಿಯ ಮುದುಕಿ.

ಮೇಡಂ ಮುಖ ಬಾಡಿತು. “ನಿಮಗೆ ತಿಂಗಳು ತಿಂಗಳು ದುಡ್ಡು ಬಂದಿದೆಯಾ?”

“ಬಂದಿದೆ ತಾಯಿ, ಸುಳ್ಳು ಹೇಳಲ್ಲ.”

“ಏನಾದ್ರೂ ಉಪಯೋಗ ಆಯ್ತಾ?”

ಇದೇ ಪ್ರಶ್ನೆಗೆ ತಗಡಣ್ಣ ತಿಂಗಳುಗಳಿಂದ ಕಾಯುತ್ತಿದ್ದ. ಎದೆಯ ಮೇಲೆ ಕೈಯಿಟ್ಟು, ಹೆಮ್ಮೆಯಿಂದ ಹೇಳಿದ: “ಒಂದು ಚೂರೂ ಆಗಿಲ್ಲ! ಇದ್ದ ಹಾಗೇ ಇದ್ದೀವಿ. ನೀವು ಯಾವಾಗ ಬಂದು ನೋಡಿದ್ರೂ ಹೀಗೇ ಇರ್ತೀವಿ. ನಮ್ಮಿಂದ ನಿಮ್ಮ ಹೆಸರಿಗೆ ಕಳಂಕ ಬರಲ್ಲ.”

ಅತ್ತೆ ಹಿಂದಿನಿಂದ “ಹರಹು! ಹರಹು!” ಎಂದು ಕೂಗುತ್ತ, ಬಾಯಿ ತೋರಿಸುತ್ತ ಒದ್ದಾಡಿದರು. “ಹರಕೂ ಇಲ್ಲ ಅಂತಿದಾರೆ ಪಾಪ,” ಎಂದು ತಗಡಣ್ಣ ಬಿಡಿಸಿ ಹೇಳಿದ.

ಮೇಡಂ ಗುಮಾಸ್ತರತ್ತ ತಿರುಗಿದರು. “ದುಡ್ಡು ಇವರ ಕೈಗೆ ಬಂದಿದೆ ಅಂತಾರೆ, ಮನೆ ನೋಡಿದ್ರೆ ಹೀಗಿದೆ. ಮಧ್ಯ ಯಾರ್ರೀ ತಿಂದಿದ್ದು?”

“ನಾನಲ್ಲ ಮೇಡಂ! ನನ್ನ ಮಕ್ಕಳಾಣೆ!” ಗುಮಾಸ್ತರು ಅಲ್ಲೇ ಅಳತೊಡಗಿದರು. ತಗಡಣ್ಣನಿಗೆ ಅವರನ್ನು ಕಂಡು ಕರುಳು ಚುರುಕ್ಕೆಂದಿತು. ತನ್ನ ಬಡತನ ಕಂಡು ಅಳುತ್ತಿರುವ ಮೊದಲ ಸರ್ಕಾರಿ ಮನುಷ್ಯ ಎಂದುಕೊಂಡು ಅವರ ಬೆನ್ನು ಸವರಿದ.

“ಉಪಯೋಗವೇ ಆಗದ ಮೇಲೆ,” ಎಂದು ಮೇಡಂ ನಿಟ್ಟುಸಿರಿಟ್ಟರು, “ಈ ಊರಿಗೆ ದುಡ್ಡು ನಿಲ್ಲಿಸೋದೇ ವಾಸಿ ಅನ್ಸುತ್ತೆ.”

‘ನಿಲ್ಲೋದೇ ವಾಸಿ’ ಎಂದು ಕೇಳಿಸಿಕೊಂಡ ತಗಡಣ್ಣ ವಿನಯದಿಂದ ಇನ್ನಷ್ಟು ನೆಟ್ಟಗೆ ನಿಂತ.

ಅದೇ ಹೊತ್ತಿಗೆ ಸಂತೆಯಿಂದ ಬಂದ ಹೆಂಡತಿಗೆ ಮೊದಲು ಕಂಡದ್ದು ಬಾಗಿಲಿಲ್ಲದ ತನ್ನ ಮನೆ. ಮನೆಯ ಮುಂದೆ ಜೀಪು, ಬೀದಿ ತುಂಬ ಜನ. ಖಾಲಿ ಬುಟ್ಟಿ ಕೆಳಗಿಟ್ಟು, ದರ್ಜಿಯನ್ನು ಪಕ್ಕಕ್ಕೆ ತಳ್ಳಿ ಒಳನುಗ್ಗಿದಳು. ‘ನಿಲ್ಲಿಸೋದು’ ಎಂಬ ಮಾತು ಅವಳ ಕಿವಿಗೆ ಸರಿಯಾಗಿಯೇ ಬಿತ್ತು.

“ಬಾಗಿಲೆಲ್ಲಿ?” ಎಂದಳು ಗಂಡನಿಗೆ.

“ಶ್ಶ್,” ಎಂದ ತಗಡಣ್ಣ, ಊರಿಗೆಲ್ಲ ಕೇಳುವಂತೆ.

 ಅವಳು ಸೆರಗು ಬಿಗಿದು ಸಿಕ್ಕಿಸಿ ಹಿತ್ತಿಲಿಗೆ ಹೋದಳು. ಬಾಗಿಲನ್ನು ತಾನೇ ಎಳೆದು ತಂದು ಗೋಡೆಗೆ ಒರಗಿಸಿದಳು. ಚಾಪೆ ಎತ್ತಿ ಎಸೆದಳು. ಪೆಟ್ಟಿಗೆ ತೆರೆದು ಮಡಿಕೆ ಬಿಚ್ಚದ ಹೊಸ ಷರಟನ್ನು ಮೇಡಂ ಮುಂದೆ ಹಿಡಿದಳು. ಕಾಳಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು, ಕೊನೆಗೆ ಒಂದರೊಳಗಿಂದ ಹಲ್ಲು ಹೆಕ್ಕಿ, ನೀರಲ್ಲಿ ಅದ್ದಿ ತಾಯಿಯ ಕೈಗೆ ಕೊಟ್ಟಳು.

ಅತ್ತೆ ಹಲ್ಲು ಕಟ್ಟಿಕೊಂಡರು. ದವಡೆ ಅತ್ತಿತ್ತ ಆಡಿಸಿದರು. ಮನೆಯೊಳಗೆ, ಬೀದಿಯಲ್ಲಿ, ಎಲ್ಲರೂ ಕತ್ತು ಚಾಚಿದರು.

“ಷರತ್ತು!” ಎಂದು ಗುಡುಗಿದರು ಅತ್ತೆ. “ಷ-ರ-ತ್ತು! ಷರತ್ತಿಲ್ಲದ ದುಡ್ಡು ಅಂದಿದ್ದು ಅವತ್ತು! ಷರಟಲ್ಲ! ಅಂದಿನಿಂದ ಬಡ್ಕೊಳ್ತಿದ್ದೀನಿ, ಕೇಳೋ ಕಿವಿ ಒಂದಿಲ್ಲ ಈ ಊರಲ್ಲಿ!”

 ಬೀದಿಯಲ್ಲಿ ಉಬ್ಬಿದ್ದ ಎದೆಗಳೆಲ್ಲ ಒಂದೊಂದಾಗಿ ಇಳಿದವು. ದರ್ಜಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಬಿಡಿಸಿ ಹೇಳಿದ: “ಷರಟು ನಾನು ಹೊಲಿಯೋದು ಕಣ್ರಪ್ಪಾ. ಷರತ್ತು ಅವರು ಹಾಕೋದು. ಹಾಕಿಲ್ಲವಂತೆ. ನೀವು ನಿಮ್ಮ ಷರಟು ಹಾಕ್ಕೊಳ್ಳಿ.”

ಕೈಯಿಂದ ಎದೆ ಮುಚ್ಚಿಕೊಂಡು ಗಂಡಸರು ಚದುರಿದರು. “ನನಗೆ ಅವತ್ತೇ ಅನುಮಾನ ಇತ್ತು,” ಎನ್ನುತ್ತ ಎಲ್ಲರಿಗಿಂತ ಮುಂದೆ ಓಡಿದವನು ಷಡ್ಡಕ. ಗುಮಾಸ್ತರು ಕಣ್ಣೊರೆಸಿಕೊಂಡು, ಯಾರಿಗೋ ಬೈಯಬೇಕೆಂದು ನೋಡಿ, ಯಾರೂ ಸಿಗದೆ ನಾಯಿಗೆ ಬೈದರು.

ಮೇಡಂ ನಗು ತಡೆದುಕೊಂಡು ಹೆಂಡತಿಯನ್ನು ಕೇಳಿದರು: “ನೀವು ಹೇಳಿ. ಉಪಯೋಗ ಆಯ್ತಾ?”

“ಕಣ್ಣ ಮುಂದೇ ಇದೆಯಲ್ಲ ಮೇಡಂ. ಬಾಗಿಲು, ಅಮ್ಮನ ಹಲ್ಲು, ನಮ್ಮದೇ ತಗಡು. ಆದ್ರೆ ಅದಕ್ಕಿಂತ ಇನ್ನೊಂದು...” ಅವಳು ಮಾತಿಗಾಗಿ ತಡಕಾಡಿದಳು. “ಮುಂಚೆ ಇವತ್ತಿನ ಅಡುಗೆ ಒಂದೇ ತಲೇಲಿ ಇರೋದು. ಈಗ ಬರೋ ತಿಂಗಳೂ ಇಷ್ಟು ಬರುತ್ತೆ ಅಂತ ಗೊತ್ತು. ಗೊತ್ತಿದ್ರೆ ಮನುಷ್ಯ ಸಮಾಧಾನವಾಗಿ ಯೋಚನೆ ಮಾಡ್ತಾನೆ ಮೇಡಂ. ಇವರೊಬ್ಬರನ್ನ ಬಿಟ್ಟು.”

“ದುಡ್ಡು ನಿಲ್ಲಲ್ಲ,” ಎಂದರು ಮೇಡಂ, ತಗಡಣ್ಣನ ಕಿವಿಯ ಹತ್ತಿರ ಬಂದು, ದನಿಯೆತ್ತಿ. “ಷರಟು ಹಾಕ್ಕೊಳ್ಳಿ, ಕೋಟು ಬೇಕಾದ್ರೂ ಹಾಕ್ಕೊಳ್ಳಿ. ನಿಲ್ಲಲ್ಲ.”

ಜೀಪು ಹೊರಟುಹೋಯಿತು. ಅತ್ತೆ, ಅಂದು ಅರ್ಧಕ್ಕೆ ನಿಂತ ಮಾತನ್ನು ಪಕ್ಕದ ಮನೆಯಾಕೆಗಾದರೂ ಹೇಳಿ ಮುಗಿಸಲು ಹೋದರು. ಹೆಂಡತಿ ಬಾಗಿಲನ್ನು ಕೊಂಡಿಗೆ ಕೂರಿಸತೊಡಗಿದಳು. ತಗಡಣ್ಣ ಹೊಸ ಷರಟು ಹಾಕಿಕೊಂಡು, ಗುಂಡಿಗಳನ್ನು ಮೇಲೆ ಕೆಳಗೆ ಮಾಡಿಕೊಂಡು, ಅವಳಿಗೆ ಬಾಗಿಲು ಹಿಡಿದುಕೊಟ್ಟ. ಅವನ ಮುಖದಲ್ಲಿ ಗೊಂದಲ ಇನ್ನೂ ಹಾಗೇ ಇತ್ತು.

“ಅಲ್ವೇ, ಹಾಗಾದ್ರೆ ಅವರು ಏನೂ ಕೇಳಲ್ವಾ?”

“ಕೇಳಲ್ಲ.”

“ಏನೂ ನೋಡಲ್ವಾ?”

“ನೋಡಲ್ಲ ಅಂದ್ರೆ ನೋಡಲ್ಲ.”

ತಗಡಣ್ಣ ಬಾಗಿಲನ್ನು ಇನ್ನಷ್ಟು ಎತ್ತಿ ಹಿಡಿದ. ಆಮೇಲೆ, ಇದೊಂದು ಬಗೆಹರಿಯದಿದ್ದರೆ ನಿದ್ದೆ ಬಾರದು ಎಂಬ ಹಾಗೆ ಕೇಳಿದ: “ಏನೂ ಕೇಳದೆ, ಏನೂ ನೋಡದೆ ಕೊಟ್ಟುಬಿಟ್ರೆ, ನಾನು ಒಳ್ಳೆ ಮನುಷ್ಯ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?”

“ಅವರಿಗ್ಯಾಕೆ ಗೊತ್ತಾಗಬೇಕು?” ಎಂದಳು ಹೆಂಡತಿ ಕೊಂಡಿಯಿಂದ ಕಣ್ಣು ತೆಗೆಯದೆ. “ನನಗೆ ಗೊತ್ತು. ಸಾಲದಾ?”

ಈ ಮಾತು ತಗಡಣ್ಣನಿಗೆ ಪೂರ್ತಿಯಾಗಿ, ಒಂದಕ್ಷರ ಬಿಡದೆ ಕೇಳಿಸಿತು. ಆದರೂ ಅವನಿಗೆ ನಂಬಿಕೆಯಾಗಲಿಲ್ಲ. ಮದುವೆಯಾದಂದಿನಿಂದ ಯಾರೂ ಅವನಿಗೆ ಇಂಥ ಮಾತು ಹೇಳಿದ್ದಿಲ್ಲ. ಇದು ಹೊಗಳಿಕೆಯೋ, ಬೈಗುಳವೋ, ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಒಂದೂ ತಿಳಿಯದೆ, ಷಡ್ಡಕನನ್ನು ಕೇಳಿಬರೋಣವೆಂದು ಗಿರಣಿಯ ಕಡೆ ಹೊರಟ. ಬೀದಿಯ ತಿರುವಿನವರೆಗೆ ಹೋದವನು ಅಲ್ಲೇ ನಿಂತ. ತಲೆ ಕೆರೆದುಕೊಂಡ. ಹಿಂದಿರುಗಿ ಬಂದು ಹೆಂಡತಿಯ ಮುಂದೆ ನಿಂತು, ಹುಟ್ಟಿದಾರಭ್ಯ ಯಾರ ಮುಂದೆಯೂ ಆಡದ ಆ ಒಂದಕ್ಷರವನ್ನು ನಾಚಿಕೊಳ್ಳುತ್ತ ಆಡಿದ.

“ಆಂ?”